ಕೊರಳು ನೋಡಿ ಹೂವು ಹಚ್ಚಿರಿ

ವಿಜಯಪುರ ಜಿಲ್ಲೆಯಲ್ಲಿ ಹೂವಿನ ತೋಟ ಮಾಡಲು ಹೊರಟವರು ಮೊದಲು ಮಣ್ಣು ಪರೀಕ್ಷೆ ಮಾಡಿಸುತ್ತಾರೆ. ದಂಡದ ಕೆಲಸ. ಪರೀಕ್ಷೆ ಮಾಡಿಸಬೇಕಾದ್ದು ಕೊರಳನ್ನು. ಸಾರಜನಕ ಎಷ್ಟು, ರಂಜಕ ಎಷ್ಟು ಎಂದು ಪ್ರಯೋಗಾಲಯದ ಚೀಟಿ ಹೇಳೀತು. ನೀವು ಬೆಳೆದ ಹೂವು ದಸರೆಯ ಹೊತ್ತಿಗೆ ಯಾರ ಕೊರಳಿಗೆ ಬೀಳುತ್ತದೆ, ಆ ಕೊರಳಿಗೆ ಇನ್ನೆಷ್ಟು ದಿನ ಅಧಿಕಾರದ ಆಯುಷ್ಯವಿದೆ ಎಂಬುದನ್ನು ಅದು ಹೇಳುವುದಿಲ್ಲ. ಹೂವಿನ ಬೇಸಾಯದಲ್ಲಿ ತಿಳಿಯಬೇಕಾದ್ದು ಇವೆರಡೇ. ಉಳಿದದ್ದೆಲ್ಲ ಗೊಬ್ಬರ.

ನಮ್ಮ ಓಣಿಯ ಸಾಹೇಬರಿಗೆ ಈ ಶಾಸ್ತ್ರ ಗೊತ್ತಿರಲಿಲ್ಲ. ಮೂವತ್ತು ಚಿಲ್ಲರೆ ವರ್ಷ ಸರಕಾರಿ ಕುರ್ಚಿ ಸವೆಸಿ ನಿವೃತ್ತರಾದವರು. 2020ರಲ್ಲಿ ರಾಜ್ಯ ಸರಕಾರ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನು ಕಿತ್ತುಹಾಕಿ, ಒಕ್ಕಲುತನ ಮಾಡದವರೂ ಹೊಲ ಕೊಳ್ಳಬಹುದು ಎಂದಿತಲ್ಲ, ಅಂದಿನಿಂದ ಸಾಹೇಬರ ಮೈಯಲ್ಲಿ ರೈತ ಹೊಕ್ಕುಬಿಟ್ಟ. ಅಥಣಿ ರಸ್ತೆಯಲ್ಲಿ, ತಿಕೋಟಾದಿಂದ ಸ್ವಲ್ಪ ಈಚೆಗೆ, 'ಫಾರ್ಮ್‌ಹೌಸ್ ಲೇಔಟ್' ಎಂದು ಕಮಾನು ಕಟ್ಟಿದ ಜಾಗದಲ್ಲಿ ಎರಡೂವರೆ ಗುಂಟೆ ತೆಗೆದುಕೊಂಡರು. ಅಲ್ಲಿ ಫಾರ್ಮೂ ಇಲ್ಲ, ಹೌಸೂ ಇಲ್ಲ, ಕಮಾನು ಮಾತ್ರ ಗಟ್ಟಿಯಾಗಿದೆ. ಉತಾರದಲ್ಲಿ ಸಾಹೇಬರ ಹೆಸರು ಇನ್ನೂ ಹತ್ತು ಮಂದಿಯ ಜೊತೆ ಜಂಟಿಯಾಗಿ ಕೂತಿದೆ. ಯಾರ ತುಂಡು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂಬುದು ಕಮಾನು ಕಟ್ಟಿಸಿದವನ ಖಾಸಗಿ ಜ್ಞಾನ.

ಎರಡೂವರೆ ಗುಂಟೆಯೇ ಬೇಕು ಎಂದು ಹಟ ಹಿಡಿಯಲು ಕಾರಣ ಮಗಳು. ಆಕೆ ಇರುವುದು ಇಂಗ್ಲೆಂಡಿನ ಲೀಡ್ಸ್‌ನಲ್ಲಿ. ಆ ದೇಶದ ಊರಾಡಳಿತಗಳು ಜನರಿಗೆ ತರಕಾರಿ ಬೆಳೆದುಕೊಳ್ಳಲು ಅಲಾಟ್‌ಮೆಂಟ್ ಎಂಬ ತುಂಡು ನೆಲ ಬಾಡಿಗೆಗೆ ಕೊಡುತ್ತವೆ. ಕೇಳಿದವರಿಗೆ ನೆಲ ಒದಗಿಸುವುದು ಆಡಳಿತದ ಹೊಣೆ ಎಂದು 1908ರಲ್ಲೇ ಕಾಯ್ದೆ ಆಗಿದೆ. ವಾಡಿಕೆಯ ಅಳತೆ ಹತ್ತು ರಾಡ್, ಅಂದರೆ ಸುಮಾರು 250 ಚದರ ಮೀಟರ್. ನಮ್ಮ ಲೆಕ್ಕಕ್ಕೆ ಸರಿಯಾಗಿ ಎರಡೂವರೆ ಗುಂಟೆ. ನಮ್ಮಲ್ಲೂ ಪ್ರಾಧಿಕಾರಗಳು ನೆಲ ಹಂಚುತ್ತವೆ, ಆದರೆ ಅದರಲ್ಲಿ ಬೆಳೆಯುವುದು ಬರೀ ರೇಟು. ಮಗಳು ತನ್ನ ತುಂಡಿನಲ್ಲಿ ಒಂದು ಮಡಿ ತುಂಬ ಕತ್ತರಿಸಿ ಹೂದಾನಿಗಿಡುವ ಹೂವು ಬೆಳೆದು ಫೋಟೋ ಕಳಿಸಿದಳು. ಅಪ್ಪನಿಗೂ ಆಸೆ ಹತ್ತಿತು. ಆದರೆ ಆ ದೇಶದ 1922ರ ಕಾಯ್ದೆಯು ಇಂಥ ನೆಲದಲ್ಲಿ ಮುಖ್ಯವಾಗಿ ಕಾಯಿಪಲ್ಲೆ, ಹಣ್ಣನ್ನೇ ಬೆಳೆಯಬೇಕು, ಅದೂ ಮನೆಮಂದಿ ತಿನ್ನಲಿಕ್ಕೆ ಎನ್ನುತ್ತದೆ. ಹೂವಿಗೆ ಜಾಗ ಅಂಚಿನಲ್ಲಿ. ಸಾಹೇಬರು ಸರಕಾರಿ ನೌಕರಿಯ ಅಭ್ಯಾಸದಂತೆ ಕಾಯ್ದೆಯ ಈ ಭಾಗವನ್ನು ಓದದೆ ಬಿಟ್ಟರು.

ಪ್ಲಾನು ಸಿದ್ಧವಾಯಿತು. ಹೆಸರಿಗೆ ಹೂವಿನ ಮಡಿ, ನೋಡಲಿಕ್ಕೆ ಸಚಿವಾಲಯದ ಕಡತ. ಒಂದನೇ ಸಾಲಿಗೆ ಡೇಲಿಯಾ, ಎರಡಕ್ಕೆ ಝಿನ್ನಿಯಾ, ಮೂರಕ್ಕೆ ಕಾಸ್ಮಾಸ್, ಬೇಲಿಗೆ ಸ್ವೀಟ್ ಪೀ. ಬಣ್ಣಕ್ಕೊಂದು ಕಾಲಂ, ಎತ್ತರಕ್ಕೊಂದು ಕಾಲಂ, ಷರಾ ಎಂದು ಇನ್ನೊಂದು. ಕತ್ತರಿಸುವುದು ನಸುಕಿನಲ್ಲಿ, ದಂಟನ್ನು ಓರೆಯಾಗಿ ಕೊಯ್ಯಬೇಕು, ಕೊಯ್ದ ಕೂಡಲೇ ಬಕೆಟ್ಟಿನ ನೀರಿಗೆ ಅದ್ದಬೇಕು ಎಂದೆಲ್ಲ ಅಡಿ ಟಿಪ್ಪಣಿ. ಇವೆಲ್ಲ ಸರಿಯಾದ ಮಾತುಗಳೇ, ನಾನು ಅಲ್ಲಗಳೆಯುವುದಿಲ್ಲ. ಕಡತ ಮೇಲಧಿಕಾರಿಯ ಸಹಿಗೆ ಅಡುಗೆಮನೆಗೆ ಹೋಯಿತು. ಅಲ್ಲಿಂದ ಒಂದೇ ಪ್ರಶ್ನೆ ಬಂತು.

"ಗಣಪತಿಗೆ ಕೆಂಪ ದಾಸಾಳ ಆತು, ಈಶ್ವರಗ ಬಿಲ್ವಪತ್ರಿ ಆತು. ಈ ಡೇಲಿಯಾ ಯಾವ ದೇವರಿಗೆ ಏರಸೂದ್ರೀ?"

"ದೇವರಿಗಲ್ಲ, ಹೂದಾನಿಗೆ."

ಹೂದಾನಿ ಮನೆಯಲ್ಲಿತ್ತು. ಅವರ ಮದುವೆಯಲ್ಲಿ ಉಡುಗೊರೆಯಾಗಿ ಬಂದದ್ದು. ಅದರೊಳಗೆ ಪ್ಲಾಸ್ಟಿಕ್ ಗುಲಾಬಿಗಳು ಅಂದಿನಿಂದ ಅರಳಿಯೇ ಇವೆ. ದೀಪಾವಳಿಗೊಮ್ಮೆ ಸಾಬೂನು ನೀರಿನಲ್ಲಿ ಜಳಕ, ಅಷ್ಟೇ ಖರ್ಚು. ನೀರು ಬೇಡ, ಗೊಬ್ಬರ ಬೇಡ, ಬಾಡುವುದಿಲ್ಲ, ಸಾಲಮನ್ನಾ ಕೇಳುವುದಿಲ್ಲ. ಸರಕಾರಕ್ಕೆ ಇದಕ್ಕಿಂತ ಮಾದರಿ ಬೆಳೆಗಾರ ಎಲ್ಲಿ ಸಿಕ್ಕಾನು?

ಇಂಗ್ಲೆಂಡಿನ ಬೀಜದ ಪಾಕೀಟಿನ ಮೇಲೆ 'ಹಿಮ ಬೀಳುವ ಭಯ ಕಳೆದ ಮೇಲೆ ಬಿತ್ತಿರಿ' ಎಂದಿತ್ತು. ವಿಜಯಪುರದಲ್ಲಿ ಆ ಭಯ ಕಳೆದು ಬಹಳ ಕಾಲವಾಗಿದೆ. ಸಾಹೇಬರು ಧೈರ್ಯವಾಗಿ ಏಪ್ರಿಲ್‌ನಲ್ಲಿ ಬಿತ್ತಿದರು. ಸ್ವೀಟ್ ಪೀ ಎಂಬುದು ಥಂಡಿ ಬಯಸುವ ಬಳ್ಳಿ. ಇಲ್ಲಿ ಆ ತಿಂಗಳು ಬಿಸಿಲು 40 ಡಿಗ್ರಿ ಮುಟ್ಟಿ ಬಾಗಿಲು ಬಡಿಯುತ್ತಿರುತ್ತದೆ. ಬೀಜ ಮೊಳೆಯಲಿಲ್ಲ. ಒಳಗೇ ಹುರಿದು ತಿನ್ನುವ ಹದಕ್ಕೆ ಬಂದಿದ್ದರೂ ಆಶ್ಚರ್ಯವಿಲ್ಲ.

ಪಕ್ಕದ ಹೊಲದ ದ್ರಾಕ್ಷಿ ಬೆಳೆಗಾರ ಇದನ್ನೆಲ್ಲ ಬೇಲಿಗೆ ಆತು ನೋಡುತ್ತಿದ್ದ. ತಿಕೋಟಾದ ಸುತ್ತಿನವರಿಗೆ ನೀರಿನ ವಿಷಯದಲ್ಲಿ ಯಾರೂ ಪಾಠ ಹೇಳಬೇಕಿಲ್ಲ. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸಿನ ಮಳೆ, ಅದೂ ಬಂದರೆ ಬಂತು. ಬರಗಾಲದಲ್ಲಿ ಟ್ಯಾಂಕರಿನಿಂದ ನೀರು ತಂದು ದ್ರಾಕ್ಷಿ ಬಳ್ಳಿ ಉಳಿಸಿಕೊಂಡ ಮಂದಿ ಇವರು. ತುಬಚಿ-ಬಬಲೇಶ್ವರ ಏತ ನೀರಾವರಿ ಎಂದು ಕೃಷ್ಣೆಯ ನೀರು ಮೇಲೆ ಹತ್ತಿ ಬರುವವರೆಗೂ ಈ ಕಡೆಯ ಮಡ್ಡಿಯ ಹೊಳೆಗೆ ಗಾಲಿಗಳಿದ್ದವು.

"ಸಾಹೇಬ್ರ, ನಮ್ಮ ಧಂದೆ ನಿಮಗ ಗೊತ್ತಿಲ್ಲೇನ್ರಿ?" ಎಂದ ಆತ. "ರೊಕ್ಕಾ ಕೊಟ್ಟು ನೀರ ತಂದು ದ್ರಾಕ್ಷಿ ಬೆಳಸ್ತೀವಿ. ಆಮ್ಯಾಲ ಶೆಡ್ಡಿನ್ಯಾಗ ಹಾಕಿ ಆ ನೀರೆಲ್ಲ ತಗದು ಒಣದ್ರಾಕ್ಷಿ ಮಾಡಿ ಮಾರತೀವಿ. ನಾವ ಶ್ಯಾಣ್ಯಾ ಅಲ್ಲ. ನೀವ್ಯಾಕ ನಮ್ಮ ಸಾಲಿಗೆ ಬಂದ್ರಿ?"

ಕೃಷಿ ಅರ್ಥಶಾಸ್ತ್ರದ ಬಗ್ಗೆ ಇಷ್ಟು ಖಡಕ್ಕಾದ ಮಾತನ್ನು ನಾನು ಯಾವ ವಿಚಾರ ಸಂಕಿರಣದಲ್ಲೂ ಕೇಳಿಲ್ಲ.

ಬುದ್ಧಿವಂತರ ಇನ್ನೊಂದು ಜಾತಿಯಿದೆ, ಪಾಲಿಹೌಸಿನವರು. ಪ್ಲಾಸ್ಟಿಕ್ ಮನೆ ಕಟ್ಟು, ಒಳಗೆ ಜರ್ಬೆರಾ ಹಚ್ಚು, ಅರ್ಧ ದುಡ್ಡು ಸರಕಾರದ್ದು. ರಾಷ್ಟ್ರೀಯ ತೋಟಗಾರಿಕೆ ಮಿಷನ್ ಶುರುವಾದ 2005ರಿಂದ ಈ ಶೇ 50ರ ಮಂತ್ರ ಎಲ್ಲರಿಗೂ ಬಾಯಿಪಾಠ. ಮಂತ್ರದ ಮಹಿಮೆ ಹೇಗಿದೆಯೆಂದರೆ, ಸಹಾಯಧನ ಅರ್ಧ ಎಂದ ಕೂಡಲೇ ಕಟ್ಟುವ ಕಂಪನಿಯ ಅಂದಾಜು ಪಟ್ಟಿ ಎರಡು ಪಟ್ಟಾಗಿ, ರೈತ ಮೊದಲಿದ್ದಲ್ಲಿಗೇ ಬಂದು ನಿಲ್ಲುತ್ತಾನೆ. ಹೂವು ಬಂದ ಮೇಲೆ ಒಯ್ಯುವುದೆಲ್ಲಿಗೆ? ಬೆಂಗಳೂರಿನ ಹೆಬ್ಬಾಳದಲ್ಲಿ ಅಂತಾರಾಷ್ಟ್ರೀಯ ಪುಷ್ಪ ಹರಾಜು ಕೇಂದ್ರವಿದೆ. ಡಚ್ಚರ ಪದ್ಧತಿ. ಬೆಲೆ ಮೇಲಿನಿಂದ ಶುರುವಾಗಿ ಕೆಳಗಿಳಿಯುತ್ತ ಬರುತ್ತದೆ, ಯಾರು ಮೊದಲು ಗುಂಡಿ ಒತ್ತುತ್ತಾರೋ ಅವರಿಗೆ ಮಾಲು. ಬೆಲೆ ಇಳಿಯುವುದನ್ನು ನೋಡಲು ನಮ್ಮ ರೈತ ಐನೂರು ಕಿಲೋಮೀಟರ್ ಹೋಗಬೇಕಾಗಿಲ್ಲ; ವಿಜಯಪುರದ ಎಪಿಎಂಸಿಯಲ್ಲಿ ಯಂತ್ರವಿಲ್ಲದೆಯೇ ಇಳಿಯುತ್ತದೆ. ಹೆಬ್ಬಾಳದಲ್ಲಿ ಗುಲಾಬಿಗೆ ದಂಟು ಉದ್ದವಾದಷ್ಟೂ ಬೆಲೆ. ನಮ್ಮ ಲಾಲ್ ಬಹದ್ದೂರ್ ಶಾಸ್ತ್ರಿ ಮಾರ್ಕೆಟ್ಟಿನಲ್ಲಿ ದಂಟು ಕಸ, ತಲೆಗಷ್ಟೇ ತೂಕ. ಇಲ್ಲಿ ಎಲ್ಲ ವ್ಯವಹಾರವೂ ತಲೆ ಎಣಿಕೆಯ ಮೇಲೆ.

ಆದ್ದರಿಂದ ಕೊರಳಿನ ಶಾಸ್ತ್ರಕ್ಕೆ ಬರೋಣ.

ಹೂವಿನ ಪ್ಲಾನು ಹಿಂದಿನಿಂದ ಮುಂದಕ್ಕೆ ಬರೆಯುವಂಥದ್ದು. ಚೆಂಡು ಹೂವಿನ ಬೀಜ ಹಾಕಿ ಸಸಿಯಾಗಲು ಇಪ್ಪತ್ತೈದು, ಮೂವತ್ತು ದಿನ. ಕಿತ್ತು ಹಚ್ಚಿದ ಮೇಲೆ ಹೂವಾಗಲು ಇನ್ನೆರಡು ತಿಂಗಳು. ನಡುವೆ ಒಮ್ಮೆ ಕುಡಿ ಚಿವುಟಿದರೆ ಕವಲು ಹೆಚ್ಚು, ಹೂವು ಹೆಚ್ಚು. ಎರಡಡಿಗೆ ಒಂದೂವರೆ ಅಡಿ ಅಂತರದಲ್ಲಿ ಹಚ್ಚಿದರೆ ಎರಡೂವರೆ ಗುಂಟೆಗೆ ಸುಮಾರು 900 ಸಸಿ ಹಿಡಿಯುತ್ತವೆ. ಖಂಡೇಪೂಜೆಯ ದಿನದಿಂದ ಮೂರು ತಿಂಗಳು ಹಿಂದಕ್ಕೆ ಎಣಿಸಿ ಬೀಜ ಹಾಕಬೇಕು. ಜಿಲ್ಲೆಯ ಪ್ರತಿಯೊಬ್ಬನೂ ಹೀಗೇ ಎಣಿಸುವುದರಿಂದ ಎಲ್ಲರ ಹೂವೂ ಒಂದೇ ದಿನ ಅರಳುತ್ತದೆ. ಹಬ್ಬದ ಹಿಂದಿನ ದಿನ ಗಿರಾಕಿ ಬೆಲೆ ಕೇಳಿ ಎದೆ ಹಿಡಿದುಕೊಳ್ಳುತ್ತಾನೆ, ಮರುದಿನ ರೈತ ಎದೆ ಹಿಡಿದುಕೊಳ್ಳುತ್ತಾನೆ. ಆ ಸಂಜೆ ಮಾರ್ಕೆಟ್ಟಿನ ಮೂಲೆಯ ರಾಶಿಯನ್ನು ದನಗಳು ಪುಕ್ಕಟೆ ಮೇಯುತ್ತವೆ.

ಶೇವಂತಿ ಇನ್ನೂ ಸೂಕ್ಷ್ಮ. ಹಗಲು ಸಣ್ಣದಾದಾಗಲೇ ಮೊಗ್ಗು ಹಿಡಿಯುವ ಗಿಡ ಅದು. ಹಬ್ಬದ ತನಕ ತಡೆದು ನಿಲ್ಲಿಸಬೇಕಾದರೆ ರಾತ್ರಿ ಹೊಲದಲ್ಲಿ ಬಲ್ಬು ಉರಿಸಿ, ಇನ್ನೂ ಹಗಲಿದೆ ಎಂದು ಅದಕ್ಕೆ ಸುಳ್ಳು ಹೇಳಬೇಕು. ಚಿಕ್ಕಬಳ್ಳಾಪುರದ ಕಡೆ ರೈತರು ಹೊಲ ತುಂಬ ದೀಪ ಕಟ್ಟಿ ಹೀಗೇ ಮಾಡುತ್ತಾರೆ, ರಾತ್ರಿ ನೋಡಿದರೆ ಜಾತ್ರೆಯಂತೆ ಕಾಣುತ್ತದೆ. ನಮ್ಮಲ್ಲಿ ಪಂಪಿಗೆ ಮೂರು ಫೇಸ್ ಕರೆಂಟು ಏಳು ತಾಸು ಎಂದು ಸರಕಾರ ಹೇಳುತ್ತದೆ. ಗಿಡಕ್ಕೆ ಸುಳ್ಳು ಹೇಳುವುದು ರೈತನ ಪಾಲು, ರೈತನಿಗೆ ಹೇಳುವುದು ಯಾರ ಪಾಲು ಎಂದು ನಾನು ಬರೆಯಬೇಕಾಗಿಲ್ಲ.

ದೇವರ ಹಬ್ಬಗಳು ವರ್ಷಕ್ಕೊಮ್ಮೆ. ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆಯ ನಂದಿಕೋಲಿಗೆ ಒಮ್ಮೆ, ಉರುಸಿಗೆ ದರ್ಗಾದ ಮೇಲೆ ಹೊದಿಸುವ ಹೂವಿನ ಚಾದರಕ್ಕೆ ಒಮ್ಮೆ, ಶ್ರಾವಣ ಒಂದು ತಿಂಗಳು. ಅಷ್ಟರಿಂದ ಹೂಗಾರರ ಹೊಟ್ಟೆ ತುಂಬುವುದಿಲ್ಲ. ಬಾರಾಮಾಸಿ ಬೆಳೆಯೆಂದರೆ ಮನುಷ್ಯರ ಕೊರಳೇ. ಈ ದೃಷ್ಟಿಯಿಂದ ಜಿಲ್ಲೆಯ ಪುಷ್ಪೋದ್ಯಮಕ್ಕೆ ಆದ ದೊಡ್ಡ ಉಪಕಾರ 2018ರ ಹೊಸ ತಾಲೂಕುಗಳು. ಐದು ತಾಲೂಕಿದ್ದ ಜಿಲ್ಲೆ ಹನ್ನೆರಡು ದಾಟಿತು. ತಿಕೋಟಾಕ್ಕೊಬ್ಬ ತಹಶೀಲ್ದಾರ, ಬಬಲೇಶ್ವರಕ್ಕೊಬ್ಬ ತಹಶೀಲ್ದಾರ. ಕಚೇರಿಗೆ ಸ್ವಂತ ಕಟ್ಟಡ ಬರುವ ಮೊದಲೇ ಹಾರ ಬಂತು. ಒಬ್ಬ ಅಧಿಕಾರಿಯ ವರ್ಗಾವಣೆಯೆಂದರೆ ಎರಡು ಹಾರ, ಹೋಗುವವನಿಗೊಂದು, ಬರುವವನಿಗೊಂದು. ವರ್ಗಾವಣೆ ಪದೇಪದೇ ಆಗುತ್ತದೆ ಎಂದು ಗೊಣಗುವವರಿಗೆ ಹೂವಿನ ಬೇಸಾಯದ ಗಂಧವಿಲ್ಲ.

ನಷ್ಟದ ಬಾಬತ್ತೂ ಇದೆ. ಜಿಲ್ಲಾ ಪಂಚಾಯಿತಿ, ತಾಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲ. ಪ್ರಜಾಪ್ರಭುತ್ವಕ್ಕೆ ಪೆಟ್ಟು ಎಂದು ಪತ್ರಿಕೆಗಳು ಬರೆದವು. ಹೂವಿನ ಅಂಗಡಿಯ ಕಟ್ಟೆಯ ಮೇಲೆ ಕೂತು ನೋಡಿದರೆ ತಿಳಿಯುತ್ತಿತ್ತು: ರಾಜ್ಯದಲ್ಲಿ ಸಾವಿರಾರು ಕೊರಳುಗಳು ಒಮ್ಮೆಲೇ ಬೋಳಾದವು. ಅದಕ್ಕೂ ಮೊದಲು 2020ರ ಮಾರ್ಚ್ 25. ದೇಶಕ್ಕೆ ಬೀಗ ಬಿದ್ದ ಮೊದಲ ದಿನವೇ ಯುಗಾದಿ. ಹಬ್ಬಕ್ಕೆಂದು ಬೆಳೆದ ಹೂವನ್ನು ರೈತರು ಹೊಲದಲ್ಲೇ ಟ್ರ್ಯಾಕ್ಟರ್ ಹೊಡೆದು ಮಣ್ಣಿಗೆ ಸೇರಿಸಿದರು. ಸರಕಾರ ಮೇ ತಿಂಗಳಲ್ಲಿ ಹೆಕ್ಟೇರಿಗೆ 25,000 ರೂಪಾಯಿ ಪರಿಹಾರ ಘೋಷಿಸಿತು, ಒಂದು ಹೆಕ್ಟೇರ್ ಮಿತಿಯಲ್ಲಿ. ಗುಂಟೆಗೆ ಇನ್ನೂರೈವತ್ತು ರೂಪಾಯಿ ಬಿತ್ತು. ಮಂತ್ರಿಯ ಕೊರಳಿಗೆ ಹಾಕುವ ಒಂದು ದಪ್ಪ ಹಾರ ಆ ರೊಕ್ಕಕ್ಕೆ ಬರುವುದಿಲ್ಲ.

ಹಾರ ದಪ್ಪವಾದಂತೆ ಅದನ್ನು ಎತ್ತಲು ಕೈ ಸಾಲದಾಗಿ ಕ್ರೇನು ಬಂತು, ಜೆಸಿಬಿ ಬಂತು. ಪಾಯ ತೋಡುವ ಯಂತ್ರದ ಹಲ್ಲಿನಲ್ಲಿ ಗುಲಾಬಿ ಪಕಳೆ ತುಂಬಿಕೊಂಡು ನಾಯಕರ ಮೇಲೆ ಸುರಿಯುತ್ತಾರೆ. ಯಂತ್ರದವನ ಕೈ ಒಂದಿಷ್ಟು ಜಾರಿದರೆ ಪಕ್ಷಕ್ಕೆ ಉಪಚುನಾವಣೆ. ಹಾರ ಹೂವಿನದೇ ಆಗಬೇಕೆಂದೂ ಇಲ್ಲ. 2023ರ ವಿಧಾನಸಭೆ ಚುನಾವಣೆಗೆ ಮುಂಚೆ ನಡೆದ ಜೆಡಿಎಸ್ ಪಕ್ಷದ ಪಂಚರತ್ನ ಯಾತ್ರೆಯಲ್ಲಿ ಅದರ ನಾಯಕರು ಕಬ್ಬು, ಕೊಬ್ಬರಿ, ತರಕಾರಿ ಎಂದು 500ಕ್ಕೂ ಹೆಚ್ಚು ಬಗೆಯ ಹಾರ ಹಾಕಿಸಿಕೊಂಡದ್ದು ದಾಖಲೆ ಪುಸ್ತಕಕ್ಕೇ ಸೇರಿತು. ಬೇರೆ ಪಕ್ಷಗಳು ಹಿಂದೆ ಬೀಳಲಿಲ್ಲ, ಸೇಬಿನ ಹಾರ ಏರಿಸಿದವು. ಸೇಬಿನ ಹಾರದ ಗುಣ ನನಗೆ ಹಿಡಿಸಿತು. ಕ್ರೇನು ಕೆಳಗಿಳಿಯುವ ಮೊದಲೇ ಜನ ಮುಗಿಬಿದ್ದು ಕಿತ್ತು ತಿನ್ನುತ್ತಾರೆ. ಚುನಾವಣೆಯ ಭರವಸೆಗಳಲ್ಲಿ ಕೈಗೆ ಸಿಕ್ಕದ್ದು ಅದೊಂದೇ ಎಂದು ಅವರಿಗೂ ಗೊತ್ತು.

ಹಾಗೆಂದು ನಮ್ಮ ಸರಕಾರಗಳಿಗೆ ವೈರಾಗ್ಯ ಬಂದಿಲ್ಲ ಎನ್ನಲಾಗದು. 2021ರ ಆಗಸ್ಟಿನಲ್ಲಿ ಬೊಮ್ಮಾಯಿಯವರು ಮುಖ್ಯಮಂತ್ರಿಯಾದ ಹೊಸದರಲ್ಲೇ ಸರಕಾರಿ ಸಮಾರಂಭಗಳಲ್ಲಿ ಹಾರ, ತುರಾಯಿ, ಶಾಲು, ಹಣ್ಣಿನ ಬುಟ್ಟಿ ಬೇಡ, ಕನ್ನಡ ಪುಸ್ತಕ ಕೊಡಿ ಎಂದು ಆದೇಶ ಮಾಡಿದರು. 2023ರ ಮೇ ತಿಂಗಳಲ್ಲಿ ಸಿದ್ದರಾಮಯ್ಯನವರು ತಾವು ಹಾರ, ಶಾಲು ಸ್ವೀಕರಿಸುವುದಿಲ್ಲ, ಕೊಡುವುದಾದರೆ ಪುಸ್ತಕ ಕೊಡಿ ಎಂದರು. ಎರಡು ಪಕ್ಷಗಳು ಒಂದೇ ಮಾತು ಹೇಳುವುದು ಅಪರೂಪ, ಆ ಮಾತನ್ನು ಎರಡೂ ಪಕ್ಷಗಳ ಕಾರ್ಯಕರ್ತರು ಒಟ್ಟಿಗೆ ಮೂಲೆಗೆ ಹಾಕಿದ್ದು ಅಪರೂಪವಲ್ಲ. ಈಗ ವೇದಿಕೆಯ ಮೇಲೆ ಹಾರವೂ ಇದೆ, ಶಾಲೂ ಇದೆ, ಜೊತೆಗೊಂದು ಪುಸ್ತಕವೂ ಇದೆ. ಹಾರ ಆ ಸಂಜೆಯೇ ಬಾಡುತ್ತದೆ. ಪುಸ್ತಕಕ್ಕೆ ಸುತ್ತಿದ ಬಣ್ಣದ ಕಾಗದ ಮಾತ್ರ ವರ್ಷಗಟ್ಟಲೆ ತಾಜಾ ಇರುತ್ತದೆ, ಯಾರೂ ಬಿಚ್ಚದಿರುವುದರಿಂದ.

ಇಲ್ಲಿಗೆ ಬಂದಾಗ ನಮ್ಮ ಓಣಿಯ ಸ್ವದೇಶಿ ಅಭಿಮಾನಿಯೊಬ್ಬರು ಎದ್ದು ನಿಲ್ಲುತ್ತಾರೆ. ವಿದೇಶಿ ಡೇಲಿಯಾ ಯಾಕೆ, ನಮ್ಮ ಸಂಸ್ಕೃತಿಯ ಚೆಂಡು ಹೂವಿಲ್ಲವೇ, ನಿಶಿಗಂಧವಿಲ್ಲವೇ ಎಂದು ಮೇಜು ಗುದ್ದುತ್ತಾರೆ. ಚೆಂಡು ಹೂವಿನ ಮೂಲ ಮೆಕ್ಸಿಕೊ. ನಿಶಿಗಂಧದ್ದೂ ಮೆಕ್ಸಿಕೊ. ಹಾರದ ನಡುನಡುವೆ ಹೊಳೆಯುವ ಗಲಾಟೆ ಹೂವು ಅಮೆರಿಕದಿಂದ, ಶೇವಂತಿ ಚೀನಾದಿಂದ. ಅವರ ಕೊರಳಿಗೆ ಹೋದ ವರ್ಷ ಓಣಿಯವರು ಹಾಕಿದ ಸ್ವದೇಶಿ ಹಾರದಲ್ಲಿ ಈ ನೆಲದ್ದು ಅಂತ ಇದ್ದದ್ದು ದಾರ ಒಂದೇ. ಊರಿನ ನಿಜವಾದ ಹೂವಿನ ಹುಚ್ಚು ಬೇಕಿದ್ದರೆ ನಾಲ್ಕು ಶತಮಾನ ಹಿಂದಕ್ಕೆ ಹೋಗಬೇಕು. ಎರಡನೇ ಇಬ್ರಾಹಿಂ ಆದಿಲ್‌ಶಾಹನ ಆಸ್ಥಾನದಲ್ಲಿ ಅತ್ತರು, ಸುಗಂಧಗಳ ತಯಾರಿಕೆಯ ಮೇಲೆಯೇ 'ಇತ್ರ್-ಎ-ನೌರಸ್ ಶಾಹಿ' ಎಂಬ ಗ್ರಂಥ ಬರೆಯಿಸಿದ್ದರು. ತೊರವಿಯ ಬಳಿ ಅವನು 1599ರಲ್ಲಿ ಶುರುಮಾಡಿದ ನವರಸಪುರ 1624ರಲ್ಲಿ ಮಲಿಕ್ ಅಂಬರನ ದಾಳಿಗೆ ಹಾಳಾಯಿತು. ಬಾಗ್ ಎಂಬುದು ಈಗ ಓಣಿಯ ಹೆಸರಲ್ಲಿ ಉಳಿದಿದೆ. ನವಬಾಗ್‌ನಲ್ಲಿ ಇಳಿದು ತೋಟ ಎಲ್ಲಿ ಎಂದು ಕೇಳಿದರೆ ಆಟೋದವನು ನಿಮ್ಮನ್ನು ಮೇಲಿಂದ ಕೆಳಗೆ ನೋಡುತ್ತಾನೆ.

ಹೂವಿನ ವ್ಯಾಪಾರಕ್ಕೆ ತೀರಾ ನಷ್ಟ ಮಾಡಿದ ಗಿರಾಕಿಯೂ ಈ ಜಿಲ್ಲೆಯವರೇ. ತಿಕೋಟಾ ತಾಲೂಕಿನ ಬಿಜ್ಜರಗಿಯಲ್ಲಿ ಹುಟ್ಟಿದ ಸಿದ್ಧೇಶ್ವರ ಸ್ವಾಮೀಜಿ. 2018ರಲ್ಲಿ ಪದ್ಮಶ್ರೀ ಘೋಷಣೆಯಾಯಿತು, ಬೇಡ ಎಂದುಬಿಟ್ಟರು. ತಮ್ಮ ದೇಹವನ್ನು ಅಗ್ನಿಗೆ ಕೊಡಿ, ಗುಡಿ ಕಟ್ಟಬೇಡಿ, ಸ್ಮಾರಕ ಬೇಡ ಎಂದು ಮೊದಲೇ ಬರೆದಿಟ್ಟು 2023ರ ಜನವರಿ 2ರಂದು ಹೊರಟುಹೋದರು. ಗದ್ದುಗೆ ಇಲ್ಲ ಎಂದರೆ ಅದಕ್ಕೆ ನಿತ್ಯ ಏರಿಸುವ ಹಾರವಿಲ್ಲ, ವರ್ಷದ ಪುಣ್ಯತಿಥಿಗೆ ಸಮಾಧಿ ಮುಚ್ಚುವಷ್ಟು ಹೂವಿಲ್ಲ. ಸೈನಿಕ ಶಾಲೆಯ ಮೈದಾನಕ್ಕೆ ಅಂದು ಬಂದ ಲಕ್ಷಾಂತರ ಮಂದಿಯಲ್ಲಿ ನಮ್ಮ ಕ್ರೇನು ಹಾರದ ನಾಯಕರೂ ಇದ್ದರು, ಕೈಮುಗಿದು ಕಣ್ಣೊರೆಸಿಕೊಂಡರು. ಸರಳತೆಯನ್ನು ನಾವು ಮನಸಾರೆ ಮೆಚ್ಚುತ್ತೇವೆ, ಬೇರೆಯವರಲ್ಲಿ.

ಸಾಹೇಬರು ಕೊನೆಗೆ ಸೋತು ಚೆಂಡು ಹೂವನ್ನೇ ಹಚ್ಚಿದರು. ಡ್ರಿಪ್ ಹಾಕಿಸಿದರು, ದ್ರಾಕ್ಷಿಯವ ತನ್ನ ಬೋರಿನಿಂದ ನೀರು ಬಿಟ್ಟ. ಹೂವು ಚೆನ್ನಾಗಿಯೇ ಬಂತು, ಸುಳ್ಳು ಯಾಕೆ ಹೇಳಲಿ. ಚೀಲ ತುಂಬಿಕೊಂಡು ಮಾರ್ಕೆಟ್ಟಿಗೆ ಹೋದರೆ ಹಾರ ಕಟ್ಟುವ ಹೆಣ್ಣುಮಗಳು ಚೀಲ ಇಸಿದುಕೊಂಡು ತೂಗಿ, "ರೊಕ್ಕಾ ಮುಂದಿನ ವಾರ ಕೊಡ್ತೀನ್ರಿ ಸರ" ಎಂದಳು. ಸಾಹೇಬರಿಗೆ ಸಿಟ್ಟು ಬಂತು. ಇದು ವ್ಯವಹಾರವೇ ಎಂದು ಕೇಳಿದರು.

"ಸರ, ನನಗ ಬರೂದು ಬಂದಿಲ್ರಿ. ಹೋದ ತಿಂಗಳ ಬರ್ತ್‌ಡೇಕ್ಕ ಅಷ್ಟ ದೊಡ್ಡ ಮಾಲಿ ಮಾಡಸ್ಯಾರ, ನಾವು ಮನ್ಯಾನ ಮಂದೆಲ್ಲ ಕುಂತು ರಾತ್ರೆಲ್ಲ ಕಟ್ಟೀವಿ. ಕ್ರೇನಿನಾಂವ ಅಡ್ವಾನ್ಸ್ ಇಸ್ಕೊಂಡೇ ಗಾಡಿ ತಗದ. ಫೋಟೋದಾಂವಗ ಅಲ್ಲೇ ಕೊಟ್ರು. ನನಗ, ಯಕ್ಕಾ ಉದ್ರಿ ಬರಕೋ, ಸಾಹೇಬ್ರು ಬೆಂಗಳೂರಿಂದ ಬರ್ಲಿ ಅಂದ್ರು. ಬರಕೊಂಡೀನಿ."

ಆಕೆಯ ಹಿಂದಿನ ಗೋಡೆಗೆ ಹೂಗಾರ ಮಾದಯ್ಯನ ಪಟ ಇತ್ತು. ಕಾಯಕದಿಂದಲೇ ಶರಣನಾದವನು. ಹನ್ನೆರಡನೆಯ ಶತಮಾನದಲ್ಲಿ ಆತ ಉದ್ರಿ ಕೊಡುತ್ತಿದ್ದನೋ ಇಲ್ಲವೋ, ಯಾರೂ ಬರೆದಿಟ್ಟಿಲ್ಲ.

ಹೂವಿನ ಬೇಸಾಯದ ಯಾವ ಕೈಪಿಡಿಯಲ್ಲೂ ಈ ಕಾಲಂ ಇಲ್ಲ. ಸಸಿಗೆ ಎಷ್ಟು ಅಂತರ, ನೀರು ಎಷ್ಟು, ಬುಡಕ್ಕೆ ಎಷ್ಟು ಗೊಬ್ಬರ ಎಲ್ಲ ಇದೆ. ಬೆಳೆದವನ ದುಡ್ಡು ಕಟ್ಟಿದವಳ ಹತ್ತಿರ, ಕಟ್ಟಿದವಳ ದುಡ್ಡು ಹಾಕಿದವನ ಹತ್ತಿರ, ಹಾಕಿದವನ ದುಡ್ಡು ಹಾಕಿಸಿಕೊಂಡವನ ಮುಂದಿನ ಟೆಂಡರಿನ ಹತ್ತಿರ ಸಿಕ್ಕಿಕೊಂಡಿರುತ್ತದೆ ಎಂಬುದನ್ನು ತೋಟಗಾರಿಕೆ ಇಲಾಖೆ ಇನ್ನೂ ಪಾಠ ಮಾಡಿಲ್ಲ. ಸಾಹೇಬರು ಈ ವರ್ಷದ ಪ್ಲಾನಿನಲ್ಲಿ ಷರಾ ಕಾಲಂ ತೆಗೆದು ಅಲ್ಲಿ 'ಉದ್ರಿ' ಎಂದು ಬರೆದಿದ್ದಾರೆ.

ಕಾರ್ಯಕರ್ತರಲ್ಲಿ ಒಂದು ವಿನಂತಿ. ನಿಮ್ಮ ನಾಯಕರ ಕೊರಳು ನಿಮ್ಮಿಷ್ಟ, ಕ್ರೇನೂ ನಿಮ್ಮಿಷ್ಟ, ಇಪ್ಪತ್ತಡಿ ಬೇಕಾದರೆ ಇಪ್ಪತ್ತಡಿಯ ಹಾರವನ್ನೇ ಹಾಕಿರಿ. ಮುಂದಿನ ಹಾರಕ್ಕೆ ಅಳತೆ ಕೊಡಲು ಹೋದಾಗ ಹಿಂದಿನ ಹಾರದ ಬಾಕಿ ಕೊಟ್ಟುಬನ್ನಿರಿ.